ಒಂದು ಬೆರಳಗಲ

ಅರ್ಮೇನಿಯಾದ ನಕ್ಷೆಯಲ್ಲಿ ನಮ್ಮೂರು ಒಂದು ನೊಣದ ಹಿಕ್ಕೆ.
ಊರು ನೋಡಬೇಕೆಂದರೆ ಮೊದಲು ಈ ಹೊಂಡ ನೋಡಿ.
ಶಾಲೆ, ಅಂಚೆಕಚೇರಿ, ಹೆರಿಗೆ ಆಸ್ಪತ್ರೆ,
ಇಗರ್ಜಿಯ ಮುರಿದ ಮೂಲೆಗೆ ಹಾಕಿದ ತೇಪೆ,
ಎಲ್ಲ ಇಲ್ಲಿಂದಲೇ ಎದ್ದು ಹೋದವು.
ನಸುಗೆಂಪು ಕಲ್ಲು, ಹಗುರ, ಮೈಯೆಲ್ಲ ತೂತು,
ಒಣಗಿದ ಬ್ರೆಡ್ಡಿನ ಹಾಗೆ.
ಊರು ಎಷ್ಟು ಎತ್ತರವೋ ಹೊಂಡ ಅಷ್ಟೇ ಆಳ,
ಲೆಕ್ಕ ಸರಿಯಿದೆ ಅನ್ನುತ್ತಿದ್ದರು.

ಗಣಿ ಮುಚ್ಚಿದ ಮೇಲೆ ಇಪ್ಪತ್ತೆಂಟು ವರ್ಷ
ಅದರೊಳಗೆ ಹಳೇ ಫ್ರಿಜ್ಜು, ಸತ್ತ ನಾಯಿ, ಕರಗಿದ ಹಿಮದ ನೀರು,
ಹುಡುಗರು ಕದ್ದು ಸೇದಿದ ಸಿಗರೇಟು.
ಕೊನೆಗೆ ಪುರಸಭೆಗೆ ದುಡ್ಡು ಬಂತು, ನನಗೆ ಕೆಲಸ ಬಂತು:
ಉದ್ಯಾನದ ತೋಟಗಾರ್ತಿ, ಎರಡನೇ ದರ್ಜೆ.
ಜೊತೆಗೆ ಒಂದು ಜೊತೆ ಬೂಟು, ಅದೂ ಗಂಡಸರದು.

ಸಭೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ,
ಇದನ್ನ ಏನು ಹಾಕಿ ತುಂಬೋದು?
ಮಣ್ಣು ಅಂದರು. ನೀರು ಅಂದರು.
ಸಿರ್ವಾರ್ದ್ ಅಜ್ಜಿ ಹೆಣಿಗೆ ನಿಲ್ಲಿಸದೆ ಹೇಳಿದಳು:
"ತುಂಬೋದು ಯಾಕೆ? ಇಳಿಯೋಕೆ ದಾರಿ ಮಾಡಿ, ಸಾಕು."

ದಾರಿಯೇ ಕಷ್ಟವಾಯಿತು.
ಗರಗಸದ ಯಂತ್ರ ಹಳಿಯ ಮೇಲೆ ಓಡಿ ಓಡಿ
ಕೊಯ್ದಿಟ್ಟ ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ,
ಮನುಷ್ಯರ ಕಾಲು ನೆನೆದು ಮಾಡಿದ್ದಲ್ಲ.
ಎರಡರ ನಡುವೆ ಒಂದು ಅರ್ಧಮೆಟ್ಟಿಲು ಬೇಕು.
ಕಲ್ಲು ಬೇಕು.
ಇಲ್ಲಿ ಕಲ್ಲು ಕಡಿಯುವಂತಿಲ್ಲ ಎಂದು
ಹಸಿರು ಬೋರ್ಡು ಆಗಲೇ ನೆಟ್ಟಾಗಿತ್ತು.

ಹಾಗಾಗಿ ಊರೇ ಕಲ್ಲು ತಂದಿತು.
ಕೋಳಿಗೂಡಿನ ಹಿಂಗೋಡೆ,
ಮಗಳ ಮದುವೆಗೆಂದು ಶುರುಮಾಡಿ ಅರ್ಧಕ್ಕೆ ನಿಂತ ಮಹಡಿ.
ಭೂಕಂಪದಲ್ಲಿ ಬಿದ್ದ ಮನೆಯಿಂದ ಒಂದು.
ಅದರ ಕಥೆ ಯಾರೂ ಕೇಳಲಿಲ್ಲ,
ತಂದವನು ಹೇಳಲೂ ಇಲ್ಲ.
ಕೈಗಾಡಿ, ಕೂಸಿನ ತಳ್ಳುಗಾಡಿ, ಲಾಡಾ ಕಾರಿನ ಡಿಕ್ಕಿ.
ಒಂದರಲ್ಲಿ ಇನ್ನೂ ಮೊಳೆಯಿತ್ತು,
ಮೊಳೆಯಲ್ಲಿ ಕ್ಯಾಲೆಂಡರಿನ ಹರಿದ ದಾರ.

ಹ್ಮಾಯಕ್ ತಂದದ್ದು ಒಂದೇ.
ಬುಡದಲ್ಲಿ ಉಳಿಯಿಂದ ಗೀರಿದ ಹದಿನೇಳು, ಅವನ ಸಂಖ್ಯೆ.
"ಇದು ಎಲ್ಲಿಯದು ಅಂತ ನನಗೆ ಗೊತ್ತು" ಎಂದು
ಗಬ್ಬದ ಹಸುವಿನ ಹೊಟ್ಟೆ ಮುಟ್ಟಿ ನೋಡುವ ಹಾಗೆ
ಪೂರ್ವದ ಗೋಡೆ ತಡವುತ್ತ ಹೋದ.
ಮೂರನೇ ಸಾಲು, ಮೂಲೆಯಿಂದ ಒಂಬತ್ತನೆಯದು.
ಇಬ್ಬರೂ ಹಿಡಿದು ಎತ್ತಿಟ್ಟೆವು.

ಕೂರಲಿಲ್ಲ. ಅಲುಗಾಡಿತು.
ಸುತ್ತಲೂ ಒಂದು ಬೆರಳಗಲ ಸಂದು.
ಜಾಗ ತಪ್ಪಿರಬೇಕು, ಅಂದೆ.
ಜಾಗ ತಪ್ಪಿಲ್ಲ, ಅಂದ.
ಗರಗಸಕ್ಕೂ ದಪ್ಪ ಅಂತ ಇರುತ್ತಲ್ಲ ಮಗಳೇ,
ಹೋದ ಕಡೆಯೆಲ್ಲ ಬೆರಳಗಲ ತಿಂದುಕೊಂಡೇ ಹೋಗುತ್ತೆ.
ತೆಗೆದದ್ದನ್ನ ತೆಗೆದಲ್ಲೇ ಇಟ್ಟರೂ
ಆ ಬೆರಳಗಲ ವಾಪಸು ಬರಲ್ಲ.

ಅದು ಎಲ್ಲಿ ಹೋಯಿತು ಎಂದು ನಾನು ಕೇಳಬಾರದಿತ್ತು.
ಎದೆಯ ಮೇಲೆ ಎರಡು ಸಲ ತಟ್ಟಿಕೊಂಡ,
ಬಾಗಿಲು ತಟ್ಟಿದ ಹಾಗೆ.
ಒಳಗಿನಿಂದ ಕೆಮ್ಮು ಬಂದು ತೆರೆಯಿತು.

ಆ ಸಂದಿನಲ್ಲಿ ಕಾಡುತುಳಸಿಯ ಸಸಿ ಇಟ್ಟೆ.
ಮೊದಲ ವರ್ಷ ಒಣಗಿತು.
ಈ ವರ್ಷದ್ದು ಇನ್ನೂ ಗೊತ್ತಿಲ್ಲ.

ಉದ್ಘಾಟನೆಗೆ ಮಂತ್ರಿ ಬರಲಿಲ್ಲ,
ಅರಾಗತ್ಸ್ ಬೆಟ್ಟದ ಗಾಳಿ ಬಂತು, ರಿಬ್ಬನ್ನು ತಾನೇ ಹರಿಯಿತು.
ಮಕ್ಕಳಿಗೆ ಎರಡನೇ ದಿನಕ್ಕೇ ಗುಟ್ಟು ಗೊತ್ತಾಯಿತು:
ಗೋಡೆ ಮಾತಾಡುತ್ತೆ.
ಹೆಸರು ಕೂಗಿದರು, ಮೇಷ್ಟರ ಅಡ್ಡಹೆಸರು ಕೂಗಿದರು,
ಆಡಬಾರದ್ದನ್ನೂ ಕೂಗಿದರು.
ಅರ್ಧಮೆಟ್ಟಿಲ ಮೇಲೆ ಕೂತಿದ್ದ ಹ್ಮಾಯಕ್ ಕೆಮ್ಮಿದ.
ಗೋಡೆ ಕೆಮ್ಮಿತು.
ಮಕ್ಕಳು ಬಿದ್ದು ಬಿದ್ದು ನಕ್ಕರು.
ಶೂಶಿಕ್ ಎಂಬ ಪುಟ್ಟಿ ಅವನ ಹಾಗೇ ಎದೆ ಹಿಡಿದು,
ಬೆನ್ನು ಬಗ್ಗಿಸಿ ಕೆಮ್ಮಿದಳು.
ಗೋಡೆ ಅದನ್ನೂ ಮರಳಿ ಕೊಟ್ಟಿತು, ಮೂರು ಸಲ,
ಪ್ರತಿ ಸಲ ಒಂಚೂರು ಕಮ್ಮಿ.

ಗದರಲು ಎದ್ದೆ.
ಅವನು ಕೈ ಎತ್ತಿ ನನ್ನನ್ನು ತಡೆದ.
"ಇನ್ನೊಮ್ಮೆ" ಅಂದ ಅವಳಿಗೆ. "ಹೊಟ್ಟೆಯಿಂದ."