ಸಾಲು ಕೊಡುವವನು

ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ,
ಬಣ್ಣದ ಗಾಜಿಲ್ಲ, ಮೇಣದ ಬತ್ತಿಯಿಲ್ಲ.
ಲೂಯಿಸ್ ದ್ವೀಪದ ಬಡಗಣ ತುದಿಯಲ್ಲಿ
ಗಾಳಿಗೆ ಬೆನ್ನು ಮಾಡಿ ಕೂತ ಕಲ್ಲುಗೋಡೆ,
ಒಳಗೆ ಒದ್ದೆ ಉಣ್ಣೆಯ ವಾಸನೆ,
ಮತ್ತೆ, ಟೋರ್ಕಿಲ್ ಮಾಮನ ಗಂಟಲು.

ಅವನು ಸಾಲು ಕೊಡುವವನು.
ಹಿಂದೆ ಯಾರಿಗೂ ಓದು ಬರುತ್ತಿರಲಿಲ್ಲ,
ಒಂದೇ ಪುಸ್ತಕ, ನೂರು ಬಾಯಿ.
ಒಬ್ಬ ಎದ್ದು ಕೀರ್ತನೆಯ ಸಾಲನ್ನು ಎಸೆಯಬೇಕು,
ಉಳಿದವರು ಹಿಡಿದು ಎಳೆಯಬೇಕು,
ಬಲೆ ಎಳೆದ ಹಾಗೆ.
ಈಗ ಎಲ್ಲರಿಗೂ ಓದು ಬರುತ್ತದೆ.
ಆದರೂ ಅವನು ಕೊಡುತ್ತಾನೆ, ನಾವು ಎಳೆಯುತ್ತೇವೆ,
ಅವರವರ ಉಸಿರು ಇದ್ದಷ್ಟು,
ಒಬ್ಬರು ಮುಂದೆ, ಒಬ್ಬರು ಹಿಂದೆ,
ಓಯ್ರಿಕ್ ಅತ್ತೆ ಎಲ್ಲರಿಗಿಂತ ಹಿಂದೆ.
ಬಾಯಲ್ಲಿ ಪೆಪ್ಪರ್‌ಮಿಂಟು ಇದೆಯಲ್ಲ, ಕರಗಬೇಕು.

ಈ ಚಳಿಗಾಲ ಮಾಮ ಹಾಸಿಗೆ ಹಿಡಿದ.
ಓಟ್ಸ್ ಗಂಜಿ ಕೊಂಡೊಯ್ದಾಗ ಕೇಳಿದ:
"ಅಲ್ಲಿ ನನಗೇನು ಕೆಲಸ, ಹೇಳು?"
ಎಲ್ಲಿ ಎಂದು ನಾನು ಕೇಳಲಿಲ್ಲ.

"ಅಲ್ಲಿ ಎಲ್ಲರಿಗೂ ಎಲ್ಲ ಬಾಯಿಪಾಠ.
ಗೇಲಿಕ್ ನಡೆಯುತ್ತೋ ಇಲ್ಲವೋ, ಅದೂ ಗೊತ್ತಿಲ್ಲ.
ಪ್ರಸಂಗ ಇಲ್ಲ. ಎದುರಿಗೇ ಕೂತವನ ಬಗ್ಗೆ
ಯಾರು ಮುಕ್ಕಾಲು ಗಂಟೆ ಮಾತಾಡುತ್ತಾರೆ?
ಕಾಣಿಕೆ ತಟ್ಟೆ ಇಲ್ಲ.
ಕ್ಷಮಿಸು ಅನ್ನುವ ಹಾಗಿಲ್ಲ,
ಕಾಪಾಡು ಅನ್ನುವ ಹಾಗೂ ಇಲ್ಲ.
ನಮ್ಮ ಪ್ರಾರ್ಥನೆಯಿಂದ ಇವೆರಡನ್ನು ತೆಗೆದರೆ
ಏನು ಉಳಿಯುತ್ತೆ? ಕೆಮ್ಮು."

ನಕ್ಕ. ನಗುವೇ ಕೆಮ್ಮಾಯಿತು.

"ಕಿನ್ನರಿ ಇದೆ ಮಾಮ," ಎಂದು ಕೆಣಕಿದೆ,
"ಕೊನೆಯ ಪುಟಗಳಲ್ಲಿ ನೋಡು.
ಇಪ್ಪತ್ತನಾಲ್ಕು ಮಂದಿ ಹಿರಿಯರು,
ಒಬ್ಬೊಬ್ಬರ ಕೈಯಲ್ಲೂ ಒಂದೊಂದು."
ಅರವತ್ತು ವರ್ಷ, ಒಂದು ಹಾರ್ಮೋನಿಯಂ ಕೂಡ
ಬಾಗಿಲು ದಾಟದಂತೆ ಕಾದ ಮನುಷ್ಯ
ಸೂರು ನೋಡುತ್ತಾ ತುಸು ಹೊತ್ತು ಸುಮ್ಮನಿದ್ದ.
"ಶ್ರುತಿ ಮಾಡಿರುತ್ತಾರೆ ಅಂದುಕೊಳ್ಳೋಣ," ಅಂದ.

ಆಮೇಲೆ, ದನಿ ತಗ್ಗಿಸಿ:
"ಸಮುದ್ರ ಇರುವುದಿಲ್ಲವಂತೆ."

ಕಿಟಕಿಯಾಚೆ ಅದು ಇತ್ತು,
ಯಾರ ಅಪ್ಪಣೆಯನ್ನೂ ಕೇಳದೆ ಬಂದು ಹೋಗುತ್ತಾ.
ನನ್ನ ತಮ್ಮ ರೂರಿಯನ್ನು ಒಯ್ದು ಹನ್ನೊಂದು ವರ್ಷ,
ಒಂದು ಬೂಟನ್ನೂ ಮರಳಿಸಿಲ್ಲ.
ಮೂರನೆಯ ಬೆಂಚಿನ ತುದಿಯಲ್ಲಿ ಯಾರೂ ಕೂರುವುದಿಲ್ಲ,
ಕೂರಬೇಡಿ ಎಂದು ಯಾರೂ ಹೇಳಿಲ್ಲ.
ಅದು ಬತ್ತಿಹೋಗಲಿ ಎಂದು ನಾನೂ ಬೇಡಿದವಳೇ.
ಆದರೆ ನಾವು ಹಾಡು ಕಲಿತದ್ದು ಅದರ ಹತ್ತಿರವೇ:
ಏರುವುದು, ತಡೆಯುವುದು, ಒಡೆಯುವುದು,
ಒಂದು ಮುಗಿಯುವ ಮೊದಲೇ ಇನ್ನೊಂದು.
ಅದಿಲ್ಲದ ಊರಿನಲ್ಲಿ
ಯಾವ ರಾಗದಲ್ಲಿ ಹೊಗಳುವುದು?

ಅಲ್ಲಿ ಎಲ್ಲರೂ ಒಟ್ಟಿಗೆ ಹಾಡುತ್ತಾರೇನೋ,
ಒಂದೇ ಉಸಿರು, ಒಂದೇ ದನಿ, ಗಾಜಿನ ಮೇಲೆ ನಿಂತು.
ನನಗೆ ಈ ತಡವೇ ಇಷ್ಟ.
ಕೊಟ್ಟ ಸಾಲಿಗೂ ಎಳೆದ ಸಾಲಿಗೂ ನಡುವೆ
ಒಬ್ಬ ಹುಡುಗ ಕೂರುವಷ್ಟು ಜಾಗ ಇರುತ್ತದೆ.

ಫೆಬ್ರವರಿಯ ಒಂದು ರಾತ್ರಿ ಮಾಮ ಹೇಳಿದ:
"ಇಷ್ಟು ವರ್ಷ ನಾನೇ ಕೊಟ್ಟೆ.
ನನಗೆ ಯಾರೂ ಕೊಡಲಿಲ್ಲ."
ದೂರಿನ ದನಿಯಲ್ಲ. ಲೆಕ್ಕ ಒಪ್ಪಿಸಿದ ಹಾಗೆ.

ನಮ್ಮಲ್ಲಿ ಹೆಂಗಸರು ಸಾಲು ಕೊಡುವುದಿಲ್ಲ.
ಓಯ್ರಿಕ್ ಅತ್ತೆ ಬಾಯಿಂದ ಪೆಪ್ಪರ್‌ಮಿಂಟು ತೆಗೆದು
ಬಸಿಯ ಅಂಚಿಗಿಟ್ಟಳು, ಸೆರಗಿಲ್ಲದ ಕೈಗಳನ್ನು
ಏಪ್ರನ್ನಿಗೆ ಒರೆಸಿಕೊಂಡಳು,
ಗೋಡೆಯ ಕಡೆ ನೋಡುತ್ತಾ, ನಡುಗುತ್ತಾ,
ತುಸು ಮೇಲಿನ ಸ್ವರದಲ್ಲೇ ಹಿಡಿದಳು.

ಅವನು ಕಣ್ಣು ಮುಚ್ಚಿಕೊಂಡು ಎಳೆಯತೊಡಗಿದ,
ಎಲ್ಲರಿಗಿಂತ ಹಿಂದೆ.
ಗಡಿಯಾರ ಒಂಬತ್ತು ಹೊಡೆಯಿತು, ಒಲೆಯಲ್ಲಿ ಪೀಟ್ ಕುಸಿಯಿತು.
ಅತ್ತೆ ಮುಂದಿನ ಸಾಲನ್ನು ಬಾಯಲ್ಲಿಟ್ಟುಕೊಂಡು ಕಾದಳು.
ಅವನಿನ್ನೂ ಮೊದಲನೆಯದರಲ್ಲೇ ಇದ್ದ.