ಹಗಲು ನಿದ್ದೆಗೊಂದು ಗೋಡೆ

ರಾತ್ರಿ ಪಾಳಿ ಮುಗಿಸಿ ನಾನು ಮನೆ ಸೇರುವುದು
ಥಂಡರ್ ಬೇ ಊರಿಗೆ ಊರೇ ಏಳುವ ಹೊತ್ತಿಗೆ.
ಹಿಮ ಗೋರುವ ಲಾರಿ, ಎದುರು ಮನೆಯ ನಾಯಿ,
ಪರದೆಯ ಸಂದಿನಿಂದ ಕಣ್ಣಿಗೇ ಬೀಳುವ ಬಿಸಿಲ ಸೀಳು.
ಹನ್ನೊಂದು ವರ್ಷ ಅರೆನಿದ್ದೆಯಲ್ಲೇ ಕಳೆದೆ.
ಊರವರ ಜ್ವರ ನೋಡಿಕೊಂಡವಳಿಗೆ
ಕತ್ತಲೆಯ ಒಂದು ಕೋಣೆಯಾದರೂ ಬೇಡವೇ?
ನೆಲಮಾಳಿಗೆಯ ಮೂಲೆ ಇತ್ತು.
ದುಡ್ಡಿರಲಿಲ್ಲ. ಕೈ ಇತ್ತು.

ಅಂಗಡಿಯಿಂದ ತಂದದ್ದು
ಮೂವತ್ತೊಂದು ಸ್ಟಡ್ಡು, ಆರು ಟ್ರ್ಯಾಕು, ಒಂದು ಡಬ್ಬ ತಿರುಪು.
ಕಾರಿನ ತಲೆಯ ಮೇಲೆ ಕಟ್ಟಿದ ತಗಡು
ದಾರಿಯುದ್ದಕ್ಕೂ ಗುಂಯ್‌ಗುಟ್ಟಿತು.
ಹತ್ತನ್ನು ಒಂದೇ ಹೆಗಲಲ್ಲಿ ಹೊತ್ತು ಇಳಿದೆ;
ಇಷ್ಟು ಹಗುರವಾದದ್ದು ಗೋಡೆಯಾಗುತ್ತದೆಂದು
ನನಗೇ ನಂಬಿಕೆ ಬರಲಿಲ್ಲ.

ಪಕ್ಕದ ಮನೆಯ ವಾಲ್ಫ್ರಿಡ್ ಕೊಸ್ಕೆಲಾಗಂತೂ ಬರಲೇ ಇಲ್ಲ.
ಎಂಬತ್ಮೂರು ವಯಸ್ಸು, ಅರವತ್ತು ವರ್ಷದ ಬಡಗಿತನ,
ಎಡಗೈಯಲ್ಲಿ ಮೂರೂವರೆ ಬೆರಳು.
ಸ್ಟಡ್ಡೊಂದನ್ನೆತ್ತಿ ಒದ್ದೆ ಬಟ್ಟೆಯ ಹಾಗೆ ಹಿಂಡಿದ.
ಅದು ಹಿಂಡಿಸಿಕೊಂಡಿತು.
“ಡೊನಾಟಾ, ಇದು ಗೋಡೆಯಲ್ಲ, ಮೀನಿನ ಡಬ್ಬಿ.”
ಬಣ್ಣದ ಬಕೆಟ್ಟು ಬೋರಲು ಹಾಕಿ ಕೂತ.
ನಾಲ್ಕು ದಿನ ಆ ಬಕೆಟ್ಟು ಅವನದೇ ಪೀಠ.

ನೀಲಿ ಪುಡಿಯ ದಾರ ಎಳೆದು ಮಿಡಿದಾಗ
ಕಾಂಕ್ರೀಟಿನ ಮೇಲೆ ಗೆರೆಯೊಂದು ಹುಟ್ಟಿತು.
ಆ ತುದಿ ಹಿಡಿದವನು ಅವನೇ, ಗೊಣಗುತ್ತಾ.
ತೂಗುಗುಂಡು ಇಳಿಬಿಟ್ಟು, ಅದು ಅಲುಗಾಟ ನಿಲ್ಲಿಸುವ ತನಕ
ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು,
ರೋಗಿಯ ನಾಡಿ ಎಣಿಸುವಾಗ ನಾನು ಹಿಡಿಯುತ್ತೇನಲ್ಲ, ಹಾಗೆ.

ನೆಲಕ್ಕೆ ಮೋರಿಯ ಕಡೆಗೆ ಸಣ್ಣ ಇಳಿಜಾರು.
ಒಂದರ ಅಳತೆ ಪಕ್ಕದ್ದಕ್ಕೆ ಕೂರದು.
ಪ್ರತಿ ಸ್ಟಡ್ಡಿಗೂ ಮತ್ತೆ ಟೇಪು, ಮತ್ತೆ ಗುರುತು,
ಎರಡು ಅಂಚು ಕತ್ತರಿಸಿ, ಹಿಂದಕ್ಕೆ ಮಡಿಸಿ, ನಡುವೆ ಕೊಯ್ದರೆ
ತಗಡು ಚೀರುತ್ತಿತ್ತು.
ಏಳನೆಯದರಲ್ಲಿ ಹೆಬ್ಬೆರಳು ಸೀಳಿತು.
ಊರವರ ಗಾಯಕ್ಕೆಲ್ಲ ಹೊಲಿಗೆಗೆ ಕೈ ಕೊಟ್ಟವಳು
ನನ್ನದಕ್ಕೆ ಪ್ಲಂಬರ್ ಟೇಪು ಸುತ್ತಿದೆ.
ವಾಲ್ಫ್ರಿಡ್ ತನ್ನ ಅರೆಬೆರಳು ತೋರಿಸಿ ನಕ್ಕ.
ಮೊದಲ ಸಲ ನಕ್ಕದ್ದು.

“ಕಿಟಕಿ ಮುಚ್ಚಬೇಡ” ಅಂದ ಎರಡನೆಯ ಸಂಜೆ.
“ಕತ್ತಲೆಗಾಗಿಯೇ ಇಷ್ಟೆಲ್ಲ.”
“ಬೆಂಕಿ ಬಿದ್ದರೆ ಎಲ್ಲಿಂದ ಹಾರುತ್ತೀಯ?”
ಉತ್ತರವಿರಲಿಲ್ಲ.
ಮರುದಿನ ಅವನೇ ಬರ್ಚ್ ಹಲಗೆಯದೊಂದು ಕದ ಮಾಡಿ ತಂದ,
ಹಗಲು ಮುಚ್ಚಲು, ಬೇಕೆಂದಾಗ ಒಂದೇ ತಳ್ಳಿಗೆ ತೆರೆಯಲು.
ತಗಡಿನ ಮನೆಯಲ್ಲಿ ಅವನದೊಂದು ತುಂಡು ಮರ.

ಹದಿನಾರು ಇಂಚಿಗೊಂದು ನಿಂತವು.
ಮುಟ್ಟಿದರೆ ಒಂದೊಂದೂ ನಡುಗುತ್ತಿತ್ತು,
ಚಳಿಯಲ್ಲಿ ಬಸ್ಸಿಗೆ ಕಾಯುವ ಸಾಲಿನ ಹಾಗೆ.
ಗೋಡೆಗೂ ಕಿವಿ ಇರುತ್ತದಂತೆ;
ಇವಕ್ಕಿನ್ನೂ ಬರೀ ಎಲುಬು, ಎಲುಬಿನಲ್ಲಿ ತಂತಿಗೆ ತೂತು.
ನಾವು ಗೋಡೆಯ ನಡುವಿಂದಲೇ ಓಡಾಡಿದೆವು.
ನಾನು ಸುತ್ತಿಗೆ ಹಿಡಿದು,
ಅವನು ಕಾಫಿ ಲೋಟ ಹಿಡಿದು, ಭುಜ ಓರೆ ಮಾಡಿ,
ಬಾಗಿಲಿನ ಜಾಗ ಬಿಟ್ಟು ಉಳಿದೆಲ್ಲ ಕಡೆಯಿಂದ.

ನಾಲ್ಕನೆಯ ದಿನ ಬೋರ್ಡು ಹೊಡೆದೆ.
ಒಂದೊಂದು ತಿರುಪು ಕಚ್ಚಿದಂತೆ
ಆ ನಡುಕ ಎಲ್ಲಿಗೆ ಹೋಯಿತೋ.
ತಿರುಚುತ್ತಿದ್ದ ತಗಡು, ಪುಡಿಯಾಗುತ್ತಿದ್ದ ಜಿಪ್ಸಂ,
ಎರಡೂ ಸೇರಿ, ನಾನು ಬೆನ್ನು ಕೊಟ್ಟು ಒತ್ತಿದರೂ
ಹೂಂ ಅನ್ನಲಿಲ್ಲ.

ಸಂಜೆ ವಾಲ್ಫ್ರಿಡ್ ಮೆಟ್ಟಿಲಿಳಿದು ಬಂದ.
ಹಳೆಯ ಅಭ್ಯಾಸಕ್ಕೆ ಭುಜ ಓರೆ ಮಾಡಿ
ಬಟ್ಟೆ ಒಗೆಯುವ ಯಂತ್ರದ ಪಕ್ಕ ನೇರ ನಡೆದಿರಬೇಕು.
ಸದ್ದು ನಿಂತಿತು.
ಆ ಬದಿಯಲ್ಲಿ ಅಂಗೈಯೊಂದು
ಬೋರ್ಡಿನ ಮೇಲೆ ನಿಧಾನ ಸವರುವುದು ಕೇಳಿಸಿತು,
ಕೀಲು ಹುಡುಕುವಂತೆ, ತಪ್ಪು ಹುಡುಕುವಂತೆ,
ಬಹಳ ಹೊತ್ತು.

ಆಮೇಲೆ ಸುತ್ತು ಬಳಸಿ ಬಂದು
ಕದವಿನ್ನೂ ಇಲ್ಲದ ಬಾಗಿಲಲ್ಲಿ ನಿಂತ.
ಟೋಪಿ ತೆಗೆದ.
ಬೆರಳ ಗೆಣ್ಣಿನಿಂದ ಉಕ್ಕಿನ ಚೌಕಟ್ಟಿಗೆ
ಟಣ್, ಟಣ್.

“ಯಾರದು?” ಅಂದೆ,
ಎದುರಿಗೇ ಕಾಣುತ್ತಿದ್ದವನಿಗೆ.