ಖಾಲಿ ಬಿಟ್ಟ ಮನೆಗಳು

ನಾಲ್ಕು ದಿನದ ಮೇಲೆ, ರಾತ್ರಿ ಹನ್ನೊಂದಕ್ಕೆ
ಜೋಡಬಸವಣ್ಣ ಚೌಕದ ಹಿಂದಿನ ನಮ್ಮ ಗಲ್ಲಿಗೆ ನಳ ಬಂತು.
ರೇವ್ಯಾ ಬ್ಯಾರಲ್ಲಿನ ಬಾಯಿಗೆ ಪೈಪು ಹಿಡಿದುಕೊಂಡೇ ಕೂಗಿದ:
"ಅಕ್ಕಾ, ಎರಡನೇ ಭಾಗ ಬಂತು. ಹಾಕ್ಲೇನು?"

ಬ್ಯಾಡ, ಅಂದೆ.
ಅದು ಲೆಕ್ಕಕ್ಕಿಲ್ಲ.

ಮೊದಲಿನದನ್ನು ಬರೆದಾಕೆ ತೀರಿಕೊಂಡು ಮೂರು ವರ್ಷ,
ಜಪಾನಿನ ಯಾವುದೋ ಹಿಮ ಬೀಳುವ ಊರಲ್ಲಿ.
ಮುಖ ಕೂಡ ಗೊತ್ತಿಲ್ಲ ನನಗೆ. ಫೋಟೋ ಕೇಳಿದವರಿಗೆ
ಒಂದು ಕಪ್ಪೆ ಬರೆದು ಕೊಡುತ್ತಿದ್ದಳಂತೆ.
ಉಪ್ಪಿನ ಬಯಲಲ್ಲಿ ಓಡುವ ರೈಲು, ಅದರೊಳಗೆ
ಗಂಟೆ ರಿಪೇರಿ ಮಾಡುವ ಹುಡುಗಿ,
ತೊಡೆಯ ಮೇಲೊಂದು ತಗಡಿನ ಡಬ್ಬಿ.
ಹನ್ನೆರಡು ಕಂತು ಮುಗಿದರೂ ಅದನ್ನು ತೆರೆಯಲಿಲ್ಲ ಅವಳು.
ರೈಲು ಹೋಯಿತು. ಪರದೆ ಬೆಳ್ಳಗಾಯಿತು.

ಈಗ, ರೇವ್ಯಾ ಹೇಳುತ್ತಾನೆ,
ಮೊದಲ ಕಂತಿನಲ್ಲೇ ತೆರೀತಾಳಂತ.

"ಯಾರನ್ನ ಕೇಳಿ ತೆರೆಸಿದ್ರು?"
ನನ್ನ ಸಿಟ್ಟಿನ ಭರದಲ್ಲಿ ಕೊಡ ತುಂಬಿ ಚೆಲ್ಲಿತು.
ಅವ್ವ ಒಳಗಿನಿಂದ:
"ಸತ್ತವರ ಡಬ್ಬಿ ಸಲುವಾಗಿ
ಇದ್ದವರ ನೀರು ಚೆಲ್ತೀಯಲ್ಲೇ."

ಮುಂಜಾನೆ, ಅಕ್ಕಲಕೋಟ ರಸ್ತೆಯ ಕಾರಖಾನೆ.
ಡಿಸೈನ್ ಖೋಲಿಯ ಮೊಳೆಗೆ ಮಲಕಾರಿ ಮಾಸ್ತರರ ಅಂಗಿ
ಇನ್ನೂ ನೇತಾಡುತ್ತಿದೆ, ಕಿಸೆಯಲ್ಲಿ ಕೆಂಪು ಪೆನ್ಸಿಲ್ಲಿನ ತುಂಡು.
ದೀಪಾವಳಿಗೆ ಮುಂಚೆ ಹೋದರು, ಎದೆ ಹಿಡಿದುಕೊಂಡು,
ಚಹಾದ ಬಸಿ ಗ್ರಾಫ್ ಕಾಗದದಿಂದ ದೂರ ಸರಿಸಿಟ್ಟು.

ಅವರ ಅರ್ಧ ನವಿಲು ನನ್ನ ಮುಂದಿದೆ.
ಕೆಂಪು ತುಂಬಿದ ಮನೆಯೆಂದರೆ ಪಟ್ಟಿಯಲ್ಲೊಂದು ತೂತು,
ತೂತೆಂದರೆ ಮಗ್ಗದಲ್ಲಿ ಎದ್ದ ಎಳೆ.
ಖಾಲಿ ಮನೆಯಲ್ಲಿ ಎಳೆ ಮಲಗಿರುತ್ತದೆ.
ಕುತ್ತಿಗೆ ಮುಗಿದಿದೆ, ಒಂದು ರೆಕ್ಕೆ,
ಏಳು ಗರಿಗೆ ಕಣ್ಣು. ಉಳಿದದ್ದು ನನ್ನ ಪಾಲು.
"ಪೂರಾ ಮಾಡವ್ವ, ಶುಕ್ರವಾರ ಮಗ್ಗಕ್ಕೇರಬೇಕು," ಅಂದ ಸೇಠ.
ಹೂಂ ಅಂದೆ.
ಯಾರನ್ನೂ ಕೇಳಲಿಲ್ಲ.

ಎರಡು ತಿಂಗಳಿಂದ ಅವರ ಕೈ ಕದಿಯುತ್ತಿದ್ದೇನೆ.
ತಿರುವಿನಲ್ಲಿ ಅವರು ಎರಡು ಮನೆ ನಡೆದು ಒಂದು ಹತ್ತುತ್ತಿದ್ದರು,
ನಾನೂ ಹತ್ತುತ್ತೇನೆ. ಗರಿಯ ತುದಿ ಚೂಪು ಮಾಡುತ್ತಿರಲಿಲ್ಲ,
ಹೊದ್ದವರಿಗೆ ಚುಚ್ಚತೈತಿ ಅಂತ ನಗುವರು,
ನಾನೂ ಮಾಡುವುದಿಲ್ಲ.
ಆದರೆ ನವಿಲಿನ ಬಲಗಾಲ ಹತ್ತಿರ
ಒಂಬತ್ತು ಮನೆ ಖಾಲಿ. ಸುತ್ತಲೂ ಕೆಂಪು.
ಮರೆತರೋ? ಊಟಕ್ಕೆ ಎದ್ದರೋ?
ನವಿಲಿಗೆ ಕಾಳು ಹಾಕುವವರಿದ್ದರೋ?
ಹಳೆಯ ಕಟ್ಟುಗಳನ್ನೆಲ್ಲ ಬಿಚ್ಚಿದೆ. ಆನೆಯಲ್ಲಿಲ್ಲ,
ಕಮಲದಲ್ಲಿಲ್ಲ, ಹೆಣ್ಣುಮಕ್ಕಳು ಕೊಡ ಹೊತ್ತ ಚಾದರದಲ್ಲಿಲ್ಲ.

ಪಟ್ಟಿ ಹೊಡೆಯುವ ಅಂಬಾದಾಸ ಕಾಕಾ
ಶೇಂಗಾ ಚಟ್ನಿಯ ಬೆರಳು ನೆಕ್ಕುತ್ತ ಹೇಳಿದ:
"ಯಾರು ತೂತು ಹೊಡೆದ್ರಂತ ಸೂಜಿಗೆ ತಿಳಿಯಂಗಿಲ್ಲವ್ವ.
ತೂತಿದ್ರ ಎಳೆ ಏಳತೈತಿ, ಅಷ್ಟ."

ಅದೇ ನನ್ನ ಭಯ.

ಮಿರಜ ಸ್ಟೇಶನ್ನಿನಲ್ಲಿ ಯಾರೋ ಇದನ್ನು ಹೊದ್ದು ಮಲಗುತ್ತಾರೆ.
ಮಾಸ್ತರರು ಎಲ್ಲಿ ಮುಗಿದರು, ನಾನೆಲ್ಲಿ ಶುರುವಾದೆ,
ಯಾರ ಮೊಣಕಾಲೂ ಕೇಳುವುದಿಲ್ಲ.
ಅವರ ಹೆಸರು ಯಾವ ಚಾದರದ ಮೇಲೂ ಇರಲಿಲ್ಲ ಬಿಡಿ,
ಲೇಬಲ್ಲಿನಲ್ಲಿದ್ದದ್ದು ಸೇಠನ ತಾಯಿಯ ಹೆಸರು.
ಹಾಗಾದರೆ ಮೊದಲಿನದಾದರೂ ಯಾರದು?

ಗುರುವಾರ ರಾತ್ರಿ ರೇವ್ಯಾನಿಗೆ ಹೇಳಿದೆ: ಹಾಕು.
"ಲೆಕ್ಕಕ್ಕ ಬಂತೇನು ಈಗ?"
ಗೊತ್ತಿಲ್ಲ. ಹಾಕು.
ಹುಡುಗಿಯ ಬೆರಳು ಮುಚ್ಚಳದ ಅಂಚಿಗೆ ಬಂತು,
ಬಂದು, ಒಂದು ಉಸಿರಿನಷ್ಟು ಹೊತ್ತು, ತಡೆಯಿತು.
ಅಷ್ಟು ಹೊತ್ತು ಕಥೆಗೆ ಬೇಕಿರಲಿಲ್ಲ.
ಅದನ್ನು ಬರೆದವಳು ಯಾರೋ, ಎಲ್ಲಿ ಕೂತಿದ್ದಳೋ,
ಕೊನೆಗೆ ಓಡುವ ಇನ್ನೂರು ಸಣ್ಣ ಹೆಸರುಗಳಲ್ಲಿ ಯಾವುದೋ.
ಅವಳಿಗೂ ಒಂದು ಶುಕ್ರವಾರವಿತ್ತೇನೋ.
ಡಬ್ಬಿಯೊಳಗೇನಿತ್ತೆಂದು ಹೇಳುವುದಿಲ್ಲ.
ನಾನು ಅಂದುಕೊಂಡದ್ದಲ್ಲ.

ಬೆಳಗಾಗುತ್ತ ಒಂಬತ್ತೂ ಮನೆಗೆ ಕೆಂಪು ತುಂಬಿದೆ,
ಅವರದೇ ಪೆನ್ಸಿಲ್ಲಿನ ತುಂಡಿನಿಂದ.
ತುಂಬಿ, ಅಳಿಸಿದೆ.
ಕೆಂಪು ಪೂರ್ತಿ ಹೋಗಲಿಲ್ಲ,
ಗುಲಾಬಿ ಉಳಿಯಿತು.

ಕಾಗದವನ್ನು ಬೆಳಕಿಗೆ ಹಿಡಿದು
ಕಣ್ಣು ಸಣ್ಣದು ಮಾಡಿ ಅಂಬಾದಾಸ ಕಾಕಾ ಕೇಳುತ್ತಾನೆ:
"ಇವು ತೂತೇನವ್ವ,
ಅಲ್ಲೇನು?"